ಇರುವೆಗಳ ಕೂಲಿ

ಫೆಬ್ರವರಿ ೧೧

ಮೆಣಸಿನಕಾಯಿಗೆ,

ಇಲ್ಲಿ ನಾನೂ ಹೊಲಿಗೆ ಮೆಷಿನ್ನೂ ಒಂದೇ ಸ್ಥಿತಿಯಲ್ಲಿದ್ದೇವೆ. ಬೆಳಿಗ್ಗೆ ಎಣ್ಣೆ ಬಿಟ್ಟರೆ ಸಂಜೆಯವರೆಗೆ ಓಡುತ್ತೇವೆ. ನಡುನಡುವೆ ಕಿರುಗುಟ್ಟುತ್ತೇವೆ, ಅಷ್ಟೇ. ನೀನು ಎರಡು ಸಲ ಫೋನ್ ಮಾಡಿದ್ದೆಯಂತೆ, ಅಂಗಡಿಯಲ್ಲಿ ಗುಂಡಿಗೆ ಕಾಜ ಹಾಕುವ ಹೆಂಗಸು ಹೇಳಿದಳು. ನನ್ನ ಕಿವಿ ಈಗ ಪೂರ್ತಿ ಕೈಕೊಟ್ಟಿದೆ. ಮೊದಲಾದರೆ ನಿನ್ನಕ್ಕ ಫೋನಿನಲ್ಲಿ ಬಂದ ಮಾತನ್ನೆಲ್ಲ ನನ್ನ ಮುಖದ ಮುಂದೆ ನಿಂತು ಮತ್ತೆ ಹೇಳುತ್ತಿದ್ದಳು. ನೀನು ಒಂದು ಹೇಳಿದರೆ ಅವಳು ಅದಕ್ಕೆ ಎರಡು ಸೇರಿಸುತ್ತಿದ್ದಳು ಎಂಬುದು ಬೇರೆ ಮಾತು. ಈಗ ಹಾಗೆ ಹೇಳುವವರಿಲ್ಲ. ಅದಕ್ಕೇ ಈ ಕಾಗದ.

ವಿಷಯ ಏನೆಂದರೆ, ಹಿತ್ತಲಲ್ಲಿ ಅವಳ ನೆರಳುಹೂ ಅರಳಿದೆ.

ನೀನು ನೋಡಿದ್ದೀಯಲ್ಲ, ಆ ಮೂರು ದೊಡ್ಡ ಮರಗಳ ಕೆಳಗೆ ಹುಲ್ಲು ಕೂಡ ಬೆಳೆಯುತ್ತಿರಲಿಲ್ಲ. ಬಿಸಿಲೆಂಬುದು ಅಲ್ಲಿಗೆ ಚೂರುಚೂರಾಗಿ ಬಂದು ಬೀಳುತ್ತದೆ. 'ಈ ಜಾಗ ದಂಡ' ಎಂದು ನಾನು ಕೈಬಿಟ್ಟಿದ್ದೆ. ಊರಾಚೆಯ ಕಾಡಿನ ಅಂಚನ್ನು ರಸ್ತೆಗಾಗಿ ಕಡಿಯುವಾಗ ನಿನ್ನಕ್ಕ ಹೋಗಿ, ಇನ್ನೇನು ಯಂತ್ರದ ಬಾಯಿಗೆ ಬೀಳಲಿದ್ದ ಆ ಗಿಡಗಳನ್ನು ಬೇರುಮಣ್ಣು ಸಮೇತ ಒದ್ದೆ ಗೋಣಿಯಲ್ಲಿ ಸುತ್ತಿ ತಂದಳು. ಅದರ ನಿಜವಾದ ಹೆಸರು ಏನೋ, ಅವಳು ಇಟ್ಟಿದ್ದು ನೆರಳುಹೂ ಎಂದು. ಹೃದಯದ ಆಕಾರದ ಎಲೆ, ನೆಲಕ್ಕೆ ಅಂಟಿಕೊಂಡೇ ಹಬ್ಬುವ ಬಳ್ಳಿ, ಎಲೆಯ ಅಡಿಯಲ್ಲಿ ಮುಖ ಮುಚ್ಚಿಕೊಂಡ ನೇರಳೆ ಬಣ್ಣದ ಹೂ. ಬಗ್ಗಿ ನೋಡದಿದ್ದರೆ ಕಾಣುವುದೇ ಇಲ್ಲ. 'ಕೋಟಿಗೆ ಒಳಗಡೆ ಒಳ್ಳೆ ಅಸ್ತರು ಹಾಕ್ತೀರಲ್ಲ, ಹಾಗೆ ಇದು ಮರಕ್ಕೆ' ಎನ್ನುತ್ತಿದ್ದಳು.

ಕೊನೆಯ ವಾರದಲ್ಲಿ ಒಂದು ದಿನ ಅವಳು, 'ರೀ, ಹೂ ನೋಡ್ಕೊಳ್ಳಿ' ಎಂದಳು. ನಾನು 'ಆಯ್ತು' ಎಂದೆ. ಹೇಗೆ ನೋಡಿಕೊಳ್ಳಬೇಕು ಎಂದು ಕೇಳಲಿಲ್ಲ. ಅಂಗಡಿಯಲ್ಲೂ ಅಳತೆ ಬರೆದುಕೊಳ್ಳುವುದು ಅವಳು, ಕತ್ತರಿಸುವುದು ನಾನು. ಈಗ ಅಳತೆ ಇಲ್ಲದ ಬಟ್ಟೆ ಮುಂದಿಟ್ಟುಕೊಂಡು ಕೂತಿದ್ದೇನೆ. ನೀರು ಹಾಕುತ್ತೇನೆ, ಹಿತ್ತಲನ್ನು ಚೊಕ್ಕಟವಾಗಿ ಇಟ್ಟಿದ್ದೇನೆ. ಇನ್ನೇನು ಮಾಡಬೇಕು? ನಿನಗೇನಾದರೂ ಹೇಳಿದ್ದಳೇ? ಅದೊಂದು ಉಳಿದರೆ ಸಾಕು ನನಗೆ.

ನಿನ್ನ ಭಾವ


ಮಾರ್ಚ್ ೨

ಭಾವ,

ನಿಮ್ಮ ಕಾಗದ ಹಾಸ್ಟೆಲಿನ ಬಾಗಿಲ ಹತ್ತಿರ ಮೂರು ದಿನ ಬಿದ್ದಿತ್ತು. ನನಗೆ ಕಾಗದ ಬರೆಯುವವರು ಇದ್ದಾರೆ ಎಂದು ಕಾವಲುಗಾರನಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ.

ನನ್ನ ಕೆಲಸ ಹಾಗೇ ಇದೆ. ಬೆಳಿಗ್ಗೆ ಕ್ರೇನಿನ ಏಣಿ ಹತ್ತಿ ಗಾಜಿನ ಗೂಡಿನಲ್ಲಿ ಕೂತರೆ ಇಳಿಯುವುದು ಊಟಕ್ಕೆ. ಕಾಲಡಿಯಲ್ಲೂ ಗಾಜು. ಹಡಗಿನಿಂದ ಪೆಟ್ಟಿಗೆ ಎತ್ತು, ಲಾರಿಯ ಮೇಲೆ ಇಡು. ಕಣ್ಣು ಹಾಯಿಸಿದಷ್ಟು ದೂರ ಸಿಮೆಂಟು, ತಗಡು, ಉಪ್ಪುನೀರು. ಹಸಿರು ಬೇಕೆಂದರೆ ಹಸಿರು ಬಣ್ಣ ಬಳಿದ ಪೆಟ್ಟಿಗೆಯನ್ನೇ ನೋಡಬೇಕು.

ನೆರಳುಹೂವಿಗೆ ನೀವು ಏನೂ ಮಾಡಬೇಡಿ. ಅದು ಈ ಮಣ್ಣಿನದೇ ಗಿಡ, ನಮ್ಮ ಉಪಚಾರ ಅದಕ್ಕೆ ಬೇಕಾಗಿಲ್ಲ ಎನ್ನುತ್ತಿದ್ದಳು ಅಕ್ಕ. ಮಣ್ಣು ತೀರಾ ಒಣಗಿದರೆ ಸ್ವಲ್ಪ ನೀರು, ಅಷ್ಟೇ. ಹೂ ಹೋದ ಮೇಲೆ ಸಣ್ಣ ಕಾಯಿ ಕಟ್ಟುತ್ತದೆ. ಬೀಜ ಬಂದಾಗ ನನಗೂ ಒಂದಿಷ್ಟು ತೆಗೆದಿಡಿ. ನಮ್ಮ ಹಾಸ್ಟೆಲಿನ ಹಿಂದಿನ ಗೋಡೆಗೆ ಬಿಸಿಲು ಬೀಳುವುದೇ ಇಲ್ಲ, ಪಾಚಿ ಕಟ್ಟಿದೆ. ಅಲ್ಲಿ ಹಾಕಿ ನೋಡುತ್ತೇನೆ. ಅಕ್ಕನದು ಎಂದು ನನ್ನ ಹತ್ತಿರ ಒಂದು ಕರ್ಚೀಫು ಕೂಡ ಇಲ್ಲ ಭಾವ. ಮರೆಯಬೇಡಿ.

ರಜೆ ಸಿಗುತ್ತದೆ. ಆದರೆ ಬರುವುದಿಲ್ಲ. ಬಾಗಿಲು ತೆಗೆಯಲು ಅಕ್ಕ ಬರದ ಮನೆಗೆ ಹೇಗೆ ಬರುವುದು ಎಂದು ನನಗೆ ಇನ್ನೂ ಗೊತ್ತಾಗಿಲ್ಲ.

ಊಟ ಸರಿಯಾಗಿ ಮಾಡಿ.

ಮೆಣಸಿನಕಾಯಿ


ಮೇ ೫

ಮೆಣಸಿನಕಾಯಿಗೆ,

ಇದರ ಜೊತೆ ಗುಂಡಿಯ ಡಬ್ಬಿಯೊಂದು ಬರುತ್ತದೆ. ಅಲುಗಾಡಿಸಬೇಡ, ಅದರಲ್ಲಿರುವುದು ಗುಂಡಿಯಲ್ಲ, ನಿನ್ನ ಬೀಜ.

ಅದನ್ನು ಉಳಿಸಿಕೊಳ್ಳಲು ನಾನು ಪಟ್ಟ ಪಾಡು ಕೇಳು. ಕಾಯಿ ಒಡೆದು ಬೀಜ ಬಿದ್ದದ್ದೇ ತಡ, ಎಲ್ಲಿಂದಲೋ ಇರುವೆಗಳ ಸಾಲು ಬಂತು. ಒಂದೊಂದೂ ಒಂದೊಂದು ಬೀಜ ಕಚ್ಚಿಕೊಂಡು ಹೊರಟಿತು. ಹಾಡಹಗಲೇ ಕಳ್ಳತನ! ನಿನ್ನ ಪಾಲನ್ನು ನನ್ನ ಕಣ್ಣೆದುರೇ ಹೊತ್ತುಕೊಂಡು ಹೋದರೆ ನಾನು ಸುಮ್ಮನಿರುತ್ತೇನೆಯೇ? ಇರುವೆ ಓಡಿಸುವ ಸೀಮೆಸುಣ್ಣ ತಂದೆ. ಸೀಮೆಸುಣ್ಣ ಹಿಡಿದು ಗೆರೆ ಎಳೆಯುವುದು ನನಗೆ ಯಾರೂ ಕಲಿಸಬೇಕಾಗಿಲ್ಲ ನೋಡು. ಪ್ರತಿ ಗಿಡದ ಸುತ್ತ ಕೊರಳಪಟ್ಟಿ ಗುರುತು ಹಾಕಿದ ಹಾಗೆ ಗೆರೆ ಎಳೆದೆ. ದಿನಾ ಬೆಳಿಗ್ಗೆ ಅಂಗಡಿ ತೆಗೆಯುವ ಮೊದಲು ಅದೇ ಕೆಲಸ. ಈಗ ಒಂದು ಇರುವೆಯೂ ಆ ಕಡೆ ತಲೆ ಹಾಕುವುದಿಲ್ಲ.

ಹಿತ್ತಲಲ್ಲಿ ಮಂಡಿಯೂರಿದ ನನ್ನನ್ನು ಕಾಜದ ಹೆಂಗಸು ನೋಡಿ, 'ಏನ್ರೀ ಯಜಮಾನ್ರೇ, ಭೂಮಿಗೇ ಅಂಗಿ ಹೊಲಿಯೋಕೆ ಹೊರಟ್ರಾ?' ಎಂದಳಂತೆ. ನನಗೆ ಕೇಳಲಿಲ್ಲ. ಮತ್ತೆ ಒಳಗೆ ಬಂದು ಕೈಸನ್ನೆ ಮಾಡಿ ಹೇಳಿದಳು. ಬಹಳ ದಿನಗಳ ಮೇಲೆ ನಕ್ಕೆ.

ಬೀಜಕ್ಕೆ ಒಂದು ರೋಗ ಬಂದಿತ್ತು. ಪ್ರತಿ ಬೀಜದ ತುದಿಯಲ್ಲೂ ಬೆಳ್ಳಗೆ, ಮೆತ್ತಗೆ, ಬೂಷ್ಟಿನ ಹಾಗೆ ಒಂದು ಗಂಟು. ಕನ್ನಡಕ ಹಾಕಿಕೊಂಡು, ಸಣ್ಣ ಸೂಜಿಯ ತುದಿಯಿಂದ ಒಂದೊಂದನ್ನೂ ಕೆರೆದು ತೆಗೆದೆ. ಆಮೇಲೆ ಬಿಸಿಲಲ್ಲಿ ಗರಿಗರಿ ಒಣಗಿಸಿದೆ. ಈಗ ನೋಡು, ಒಳ್ಳೆ ಕರಿಮಣಿಯ ಹಾಗೆ ಹೊಳೆಯುತ್ತವೆ. ಉದುರಿದ ಎಲೆಗಳನ್ನೂ ಒಂದೂ ಬಿಡದೆ ದಿನಾ ಗುಡಿಸುತ್ತಿದ್ದೇನೆ. ಹಿತ್ತಲು ನನ್ನ ಕತ್ತರಿಸುವ ಮೇಜಿನಷ್ಟು ಚೊಕ್ಕಟವಾಗಿದೆ. ಅವಳಿದ್ದಾಗಲೂ ಅಷ್ಟು ಚೊಕ್ಕಟ ಇರಲಿಲ್ಲ.

ಮೊಳಕೆ ಬಂದರೆ ಬರೆ.

ನಿನ್ನ ಭಾವ


ಜೂನ್ ೮

ಭಾವ,

ಡಬ್ಬಿ ಬಂತು. ತೆಗೆದು ನೋಡಿ ನನಗೆ ಅಳಬೇಕೋ ಕಿರುಚಬೇಕೋ ತಿಳಿಯಲಿಲ್ಲ.

ಅದು ಬೂಷ್ಟಲ್ಲ ಭಾವ. ಅದು ಕೂಲಿ. ಅಕ್ಕ ಚೆನ್ನಾಗಿದ್ದಾಗ ಕೊನೆಯ ಸಲ ನಾನು ಬಂದಿದ್ದೆನಲ್ಲ, ಆಗ ಅವಳು ನನ್ನನ್ನು ಮರದ ಕೆಳಗೆ ಕುಕ್ಕರಗಾಲಲ್ಲಿ ಕೂರಿಸಿ ತೋರಿಸಿದ್ದಳು. 'ನೋಡೇ, ಬೀಜಕ್ಕೆ ಕಾಲಿಲ್ಲ. ಅದಕ್ಕೇ ಇರುವೆಗೆ ಕೂಲಿ ಕೊಟ್ಟು ಹೊರಿಸ್ಕೊಂಡು ಹೋಗುತ್ತೆ' ಎಂದಳು. ಆ ಬೆಳ್ಳಗಿನ ಗಂಟು ಇರುವೆಗೆ ಊಟ. ಬೀಜವನ್ನು ಗೂಡಿಗೆ ಎಳೆದುಕೊಂಡು ಹೋಗುತ್ತವೆ, ಗಂಟನ್ನು ತಿನ್ನುತ್ತವೆ, ಬೀಜವನ್ನು ಗೂಡಿನ ಕಸದ ಜೊತೆ ಬಿಟ್ಟುಬಿಡುತ್ತವೆ. ಅಲ್ಲಿ ಅದು ಮೊಳೆಯುತ್ತದೆ. ಅವು ಕಳ್ಳರಲ್ಲ, ಬಿತ್ತುವವರು. ಅವರನ್ನು ನೀವು ವಿಷದ ಗೆರೆ ಎಳೆದು ಓಡಿಸಿದಿರಿ. ಬೀಜವನ್ನು ಕೆರೆದಿರಿ, ಒಣಗಿಸಿದಿರಿ. ಹಸಿಯಾಗಿದ್ದಾಗಲೇ ಮಣ್ಣು ಸೇರಬೇಕಾದ ಬೀಜ ಅದು. ಇನ್ನು ಎಲೆ! ಆ ಎಲೆಯೇ ಅದರ ಹೊದಿಕೆ, ಅದರ ಗೊಬ್ಬರ. ಮೊದಲ ಕಾಗದದಲ್ಲಿ ನೀವು 'ಚೊಕ್ಕಟ' ಎಂದು ಬರೆದಾಗಲೇ ನನಗೆ ಹೊಳೆಯಬೇಕಿತ್ತು.

ನೀವು ಎಲ್ಲವನ್ನೂ ಹೀಗೇ ಮಾಡುತ್ತೀರಿ. ಅಂಚು ಮಡಚಿ, ಇಸ್ತ್ರಿ ಮಾಡಿ, ಒಳಗಿನದು ಹೊರಗೆ ಕಾಣದ ಹಾಗೆ. ಅಕ್ಕನ ಕಾಯಿಲೆಯನ್ನೂ ಹಾಗೇ ಮಡಚಿ ಒಳಗೆ ಇಟ್ಟುಕೊಂಡಿರಿ. ನನಗೆ ನೀವು ತಂತಿ ಕೊಟ್ಟ ಹಾಗೆ ಎರಡು ಸಾಲು ಕಳಿಸಿದಾಗ ಅವಳಿಗೆ ಮಾತು ನಿಂತುಹೋಗಿತ್ತು. ನಾನು ಬಂದೆ, ಕೈ ಹಿಡಿದೆ, ಅವಳಿಗೆ ಹಿಡಿದದ್ದು ಯಾರು ಎಂದು ಗೊತ್ತಾಯಿತೋ ಇಲ್ಲವೋ. ಅದನ್ನು ನಾನು ಯಾರ ಹತ್ತಿರ ಕೇಳಲಿ? ಒಂದು ತಿಂಗಳ ಮೊದಲು ಹೇಳಿದ್ದರೆ ನಿಮ್ಮ ಗಂಟೇನು ಹೋಗುತ್ತಿತ್ತು?

ಈ ಕಾಗದವನ್ನು ಹರಿದು ಬೇರೆ ಬರೆಯೋಣ ಎಂದುಕೊಂಡೆ. ಹರಿಯುವುದಿಲ್ಲ.

ನಿಮ್ಮ ನಾದಿನಿ


ಜೂನ್ ೧೯

ನಿನ್ನ ಕಾಗದ ಓದಿದೆ.

ಸೀಮೆಸುಣ್ಣವನ್ನು ಬಿಸಾಕಿದೆ. ಗೆರೆಗಳನ್ನು ನೀರು ಹಾಕಿ ತೊಳೆದೆ. ಆಮೇಲೆ ಹೊಳೆಯಿತು, ತೊಳೆದ ವಿಷ ಎಲ್ಲಿಗೆ ಹೋಗುತ್ತದೆ, ಅದೇ ಮಣ್ಣಿಗೆ ತಾನೇ. ಪೊರಕೆಯನ್ನು ಅಟ್ಟಕ್ಕೆ ಹಾಕಿದ್ದೇನೆ.

ಕಾಯಿಲೆಯ ವಿಷಯ. ಅವಳು 'ಹೇಳಬೇಡಿ' ಎಂದಳು. ನೀನು ದೊಡ್ಡ ಕ್ರೇನಿನ ಪರೀಕ್ಷೆಗೆ ಕೂತಿದ್ದೆ. 'ಅವಳು ಮೇಲೆ ಹತ್ತಿ ಕೂತು ಕೈ ನಡುಗಿಸಿದ್ರೆ ಕೆಳಗಿರೋರ ಗತಿ ಏನು' ಎಂದಳು. ನಾನು ಮಾತು ಕೊಟ್ಟೆ, ಉಳಿಸಿಕೊಂಡೆ. ತಪ್ಪಾಯಿತೋ ಸರಿಯಾಯಿತೋ ನನಗೆ ಈಗಲೂ ತಿಳಿಯದು.

ಆದರೆ ನಾನು ಮೊದಲಿನಿಂದಲೂ ಗೊತ್ತಿದ್ದು ಮುಚ್ಚಿಟ್ಟೆ ಎಂದು ಮಾತ್ರ ತಿಳಿಯಬೇಡ. ನನಗೇ ಗೊತ್ತಾದದ್ದು ಹೋದ ವರ್ಷ ಮಳೆ ಶುರುವಾದ ಮೇಲೆ. ಗಂಟಲಲ್ಲಿ ಗಡ್ಡೆ ಎಂದರು ಡಾಕ್ಟರು. 'ಮೂರ್ನಾಕು ತಿಂಗಳಿಂದ ಗಟ್ಟಿ ಪದಾರ್ಥ ಇವರ ಗಂಟಲಲ್ಲಿ ಇಳಿದಿರೋಕೆ ಸಾಧ್ಯವೇ ಇಲ್ಲ, ನೀವು ಗಮನಿಸಲಿಲ್ವಾ?' ಎಂದು ಕಾಗದದ ಮೇಲೆ ಬರೆದು ತೋರಿಸಿದರು. ನಾನು ಅವರ ಮೇಲೆ ರೇಗಿದೆ. ನನ್ನ ಕಣ್ಣೇನು ಕುರುಡೇ? ಬೇಸಿಗೆಯುದ್ದಕ್ಕೂ ಅವಳು ಸಂಜೆ ಹಿತ್ತಲ ಮೆಟ್ಟಿಲ ಮೇಲೆ ಕೂತು, ನೀನು ಕಳಿಸುತ್ತಿದ್ದ ಸಕ್ಕರೆ ರಸ್ಕನ್ನು ಚಹಾದ ಜೊತೆ ತಿನ್ನುತ್ತಿದ್ದಳು. ಊಟ ಕಡಿಮೆಯಾಗಿತ್ತು, ನಿಜ. 'ಸೆಕೆಗೆ ಅನ್ನ ಸೇರಲ್ಲ, ರಸ್ಕ್ ಆದ್ರೆ ಸೇರುತ್ತೆ' ಎನ್ನುತ್ತಿದ್ದಳು. ಖಾಲಿ ತಟ್ಟೆಯನ್ನು ದಿನಾ ಎತ್ತಿಟ್ಟವನು ನಾನು. ಡಾಕ್ಟರಿಗೆ ಹೆಚ್ಚು ಗೊತ್ತೋ ನನಗೋ?

ನಿನ್ನ ಸಿಟ್ಟು ನ್ಯಾಯವಾದದ್ದೇ. ಇಟ್ಟುಕೋ. ಆದರೆ ಕಾಗದ ಬರೆಯುವುದನ್ನು ಬಿಡಬೇಡ.

ಭಾವ


ಅಕ್ಟೋಬರ್ ೧೪

ಮೆಣಸಿನಕಾಯಿಗೆ,

ನೀನು ಬರೆಯಲಿಲ್ಲ. ನಾನೇ ಬರೆಯುತ್ತೇನೆ, ಏಕೆಂದರೆ ಇದನ್ನು ನಿನ್ನಿಂದ ಮುಚ್ಚಿಡಬಾರದು.

ನೆರಳುಹೂ ಹೋಯಿತು.

ಬೇಸಿಗೆಯಲ್ಲೇ ಎಲೆಗಳು ಅಂಚಿನಿಂದ ಸುರುಟಿಕೊಂಡಿದ್ದವು. ಮಳೆ ಬಂದರೆ ಚಿಗುರುತ್ತದೆ ಎಂದು ಕಾದೆ. ಮಳೆ ಬಂತು. ಮೈಮೇಲೆ ಎಲೆಯ ಹೊದಿಕೆ ಇಲ್ಲದ ಮಣ್ಣು ಕೊಚ್ಚಿಕೊಂಡು ಹೋಗಿ ಬೇರು ಹೊರಗೆ ಕಂಡಿತು. ಮಣ್ಣು ಎಳೆದು ಮುಚ್ಚಿದೆ. ರಸ್ತೆಯಂಚಿನ ಮರಗಳ ಎಲೆಯನ್ನು ಚೀಲದಲ್ಲಿ ತುಂಬಿ ತಂದು ಹರಡಿದೆ. ಅಷ್ಟು ದಿನ ಗುಡಿಸಿ ಎಸೆದವನು ಈಗ ಊರ ಕಸ ಹೊತ್ತು ತರುವುದನ್ನು ಕಂಡು ಜನ ಏನೆಂದುಕೊಂಡರೋ. ಹೋದ ವಾರ ಒಂದೊಂದು ಗಿಡವನ್ನೂ ಮುಟ್ಟಿ ನೋಡಿದೆ. ಎಲ್ಲವೂ ದಾರದ ತುಂಡಿನ ಹಾಗೆ ಕೈಗೆ ಬಂದವು. ಒಂದಾದರೂ ಜಗ್ಗಿ ನಿಲ್ಲುತ್ತದೇನೋ ಎಂದು ಕೊನೆಯದರವರೆಗೂ ನೋಡಿದೆ.

ಅವಳು ನನಗೆ ವಹಿಸಿದ್ದು ಅದೊಂದನ್ನೇ. ಬಟ್ಟೆ ಕೆಟ್ಟರೆ ಬಿಚ್ಚಿ ಮತ್ತೆ ಹೊಲಿಯಬಹುದು, ಕತ್ತರಿ ತಪ್ಪಿದರೆ ಬೇರೆ ತಂದು ಕೊಡಬಹುದು. ಇಷ್ಟು ವರ್ಷದಲ್ಲಿ ಗಿರಾಕಿಗೆ ಮುಖ ತೋರಿಸಲಾಗದ ಕೆಲಸ ನಾನು ಮಾಡಿರಲಿಲ್ಲ. ಈಗ ಮಾಡಿದೆ.

ಅವಳು ಹೋಗಿ ಒಂದು ವರ್ಷವಾಯಿತು. ಆ ದಿನ ಅಂಗಡಿ ತೆಗೆಯಲಿಲ್ಲ. ನೀನೂ ಅಲ್ಲಿ ಮೇಲೆ ಹತ್ತಿರಲಿಲ್ಲ ಎಂದುಕೊಂಡಿದ್ದೇನೆ.

ಭಾವ


ನವೆಂಬರ್ ೩

ಭಾವ,

ಕಾಗದ ತಲುಪಿತು. ಆ ದಿನ ನಾನು ಮೇಲೆ ಹತ್ತಿದ್ದೆ. ಕೆಳಗೆ ಇದ್ದಿದ್ದರೆ ಯಾರಾದರೂ ಮಾತಾಡಿಸುತ್ತಿದ್ದರು.

ನೀವು ಕಳಿಸಿದ ಬೀಜವನ್ನು ಹಿಂದಿನ ಗೋಡೆಯ ಬುಡದಲ್ಲಿ ಹಾಕಿದ್ದೆ. ಬರುವುದಿಲ್ಲ ಎಂದು ಗೊತ್ತಿದ್ದೂ ಹಾಕಿದ್ದೆ. ಬರಲಿಲ್ಲ.

ಇನ್ನೇನು ಬರೆಯಲಿ. ಬೈಯಲು ಬಾಯಿಲ್ಲ, ಸಮಾಧಾನ ಹೇಳಲು ಮನಸ್ಸಿಲ್ಲ. ನಿಮ್ಮ ಕಿವಿಯನ್ನು ಡಾಕ್ಟರಿಗೆ ತೋರಿಸಿ.

ಮೆ.


ಫೆಬ್ರವರಿ ೨೦

ಮೆಣಸಿನಕಾಯಿಗೆ,

ಕೂತು ಓದು. ಮೇಲೆ ಗೂಡಿನಲ್ಲಿ ಓದಬೇಡ, ಕೆಳಗೆ ಇಳಿದ ಮೇಲೆ ಓದು.

ಪೊರಕೆ ಅಟ್ಟ ಸೇರಿದ ಮೇಲೆ ಹಿತ್ತಲ ಕಡೆ ನಾನು ಹೋಗುವುದು ಕಡಿಮೆ. ಅಡುಗೆಮನೆಯ ಹಿಂದಿನ ಬಾಗಿಲಿನಿಂದ ಇಳಿಯುವ ಮೂರು ಕಲ್ಲಿನ ಮೆಟ್ಟಿಲಿದೆಯಲ್ಲ, ಅದರ ಕೊನೆಯ ಮೆಟ್ಟಿಲವರೆಗೂ ಎಲೆ ರಾಶಿ ಬಿದ್ದಿತ್ತು. ಮೊನ್ನೆ ಕಾಜದ ಹೆಂಗಸು ಕೈ ತೊಳೆಯಲು ಹೋದವಳು ನನ್ನ ತೋಳು ಹಿಡಿದು ಎಳೆದುಕೊಂಡು ಹೋಗಿ ತೋರಿಸಿದಳು. ಕೊನೆಯ ಮೆಟ್ಟಿಲಿನ ಬುಡದಲ್ಲಿ, ಕಲ್ಲು ಬಿರುಕು ಬಿಟ್ಟ ಕಡೆ, ಪೊರಕೆಯ ಕಡ್ಡಿಯೂ ಹೋಗದ ಸಂದಿಯಲ್ಲಿ, ಹೃದಯದ ಆಕಾರದ ಎಲೆ. ಒಂದಲ್ಲ, ಒಂದು ಹಿಡಿ. ಎಲೆಯನ್ನು ಬೆರಳಿನಿಂದ ಸರಿಸಿದೆ. ಹೂ ಇತ್ತು.

ಎಷ್ಟು ಹೊತ್ತು ಅಲ್ಲಿ ಕೂತಿದ್ದೆನೋ. ಮರಗಳು ಆ ತುದಿಯಲ್ಲಿ, ಮೆಟ್ಟಿಲು ಈ ತುದಿಯಲ್ಲಿ. ಇಲ್ಲಿಗೆ ಹೇಗೆ ಬಂತು? ಹೆಂಗಸೇ ಬಿರುಕಿನ ಕಡೆ ಕೈ ತೋರಿಸಿದಳು. ಇರುವೆಯ ಗೂಡು. ನನ್ನ ಮುಖದ ಹತ್ತಿರ ಬಂದು, 'ಇಲ್ಲೇ ಯಾಕೆ ಗೂಡು ಕಟ್ಟಿವೆ? ಇಲ್ಲಿ ಯಾರು ದಿನಾ ತಿಂಡಿ ಉದುರಿಸ್ತಿದ್ರು?' ಎಂದಳು.

ಅವಳು ಸುಮ್ಮನೆ ಕೇಳಿದ್ದು. ನನಗೆ ಉತ್ತರ ಗೊತ್ತಿತ್ತು.

ಆ ಬೇಸಿಗೆಯಲ್ಲಿ ನಿನ್ನಕ್ಕ ಕೂರುತ್ತಿದ್ದದ್ದು ಅಲ್ಲೇ. ನಾನು ತಟ್ಟೆಯಲ್ಲಿ ರಸ್ಕ್ ಇಟ್ಟು, ಚಹಾ ಕೊಟ್ಟು ಪಕ್ಕದಲ್ಲಿ ಕೂತರೆ ದಿನಾ ಏನಾದರೊಂದು ನೆಪ. 'ರೀ, ಒಳಗಿಂದ ನನ್ನ ಕನ್ನಡಕ ತನ್ನಿ.' 'ರೀ, ಸ್ಟವ್ ಆರಿಸಿದೀನಾ ನೋಡಿ.' 'ರೀ, ಮುಂದಿನ ಬಾಗಿಲಲ್ಲಿ ಯಾರೋ ಬಂದ ಹಾಗಾಯ್ತು.' ನನಗೆ ಕಿವಿ ಕೇಳುವುದಿಲ್ಲ, ಬಾಗಿಲಲ್ಲಿ ಯಾರಾದರೂ ಬಂದರೆ ಅವಳು ಹೇಳಿದ್ದೇ ನನಗೆ ಸತ್ಯ. ಹೋಗಿ ನೋಡಿ ಬರುವಷ್ಟರಲ್ಲಿ ತಟ್ಟೆ ಖಾಲಿ. 'ಇಷ್ಟು ಬೇಗ ತಿಂದ್ಯಾ?' ಎಂದರೆ, 'ಹಸಿವಾಗಿತ್ತು' ಎನ್ನುತ್ತಿದ್ದಳು. ಕೈ ಕೊಡವಿಕೊಳ್ಳುತ್ತಿದ್ದಳು. ನಾನು ಸಂತೋಷದಿಂದ ತಟ್ಟೆ ತೊಳೆದಿಡುತ್ತಿದ್ದೆ.

ಅವಳು ತಿನ್ನುತ್ತಿರಲಿಲ್ಲ. ಪುಡಿ ಮಾಡಿ ಬಿರುಕಿಗೆ ಉದುರಿಸುತ್ತಿದ್ದಳು. ಇಳಿಯುತ್ತಿರಲಿಲ್ಲ ಅವಳಿಗೆ. ಆ ಬೇಸಿಗೆಯೆಲ್ಲ ಗೊತ್ತಿತ್ತು, ಒಬ್ಬಳೇ ಇಟ್ಟುಕೊಂಡಿದ್ದಳು. ಡಾಕ್ಟರು ಹೇಳಿದ್ದೇ ಸರಿ, ನಾನೇ ಸುಮ್ಮನೆ ಅವರ ಮೇಲೆ ರೇಗಿದೆ. ಆ ಪುಡಿಗೆ ಇರುವೆಗಳು ಬಂದವು, ಅಲ್ಲೇ ಮನೆ ಮಾಡಿದವು. ಅದೇ ದಿನಗಳಲ್ಲಿ ಮರದ ಕೆಳಗೆ ಬೀಜ ಬಲಿತಿರಬೇಕು. ಹೊತ್ತು ತಂದು ಅವಳ ಕಾಲ ಬುಡದಲ್ಲಿ ಇಟ್ಟಿವೆ. ಹೋದ ವರ್ಷವೆಲ್ಲ ನನ್ನ ಸೀಮೆಸುಣ್ಣಕ್ಕೂ ಪೊರಕೆಗೂ ಸಿಗದೆ ಅಲ್ಲಿ ಬೆಳೆದಿದೆ.

ನಿನ್ನಿಂದ ನಾನು ಮುಚ್ಚಿಟ್ಟೆ ಎಂದು ನೀನು ಬರೆದೆಯಲ್ಲ, ಅವಳು ನನ್ನಿಂದಲೇ ಮುಚ್ಚಿಟ್ಟಿದ್ದಳು. ಪಕ್ಕದಲ್ಲಿ ಕೂತವನಿಂದ. ಹೂ ನೋಡಿ ಸಂತೋಷಪಡಬೇಕು ಎಂದು ಬಗ್ಗುತ್ತೇನೆ, ಆ ಖಾಲಿ ತಟ್ಟೆ ಕಣ್ಣಿಗೆ ಬರುತ್ತದೆ. ಅವಳು ಎಷ್ಟು ಹಸಿದಿದ್ದಳೋ.

ನಿನ್ನ ಭಾವ


ಮಾರ್ಚ್ ೧

ಭಾವ,

ನೀವು ಹೇಳಿದ ಹಾಗೆ ಕೆಳಗೆ ಇಳಿದೇ ಓದಿದೆ. ಪೆಟ್ಟಿಗೆಗಳ ಸಾಲಿನ ಸಂದಿಯಲ್ಲಿ ನಿಂತು ಅತ್ತೆ. ಮೇಸ್ತ್ರಿ ಬಂದು, 'ಏನಮ್ಮಾ, ಯಾರಿಗೇನಾಯ್ತು?' ಎಂದು ಕೇಳಿದ. 'ನಮ್ಮಕ್ಕ ತೀರಿಕೊಂಡಳು' ಎಂದೆ. ಅವನು ನನ್ನ ಮುಖ ನೋಡಿ ಹೊರಟುಹೋದ. ಅವಳು ಹೋದಾಗ ನನ್ನ ರಜಾ ಅರ್ಜಿಗೆ ಸಹಿ ಹಾಕಿದವನು ಅವನೇ.

ಆ ರಸ್ಕ್ ನಾನು ಕಳಿಸುತ್ತಿದ್ದದ್ದು. ಬಂದರಿನ ಗೇಟಿನ ಪಕ್ಕದ ಬೇಕರಿಯದು. ಒಂದು ಡಬ್ಬ ಕಳಿಸಿದರೆ ಹತ್ತು ದಿನಕ್ಕೆ ಫೋನ್ ಮಾಡುತ್ತಿದ್ದಳು. 'ಖಾಲಿಯಾಯ್ತು ಕಣೇ, ಇನ್ನೊಂದು ಕಳಿಸು. ಆ ಬೇಕರಿಯವನ ಕೈಗೆ ಬಂಗಾರದ ಬಳೆ ಹಾಕ್ಬೇಕು.' ನಾನು ಉಬ್ಬಿಹೋಗುತ್ತಿದ್ದೆ. ಕ್ಯಾಂಟೀನಿನಲ್ಲಿ ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದೆ, ನಮ್ಮಕ್ಕನಿಗೆ ನಾನು ಕಳಿಸಿದ ರಸ್ಕ್ ಬಿಟ್ಟು ಬೇರೆ ಏನೂ ಸೇರುವುದಿಲ್ಲ ಎಂದು. ನಿಮಗೆ ಖಾಲಿ ತಟ್ಟೆ ತೋರಿಸಿದಳು, ನನಗೆ ಖಾಲಿ ಡಬ್ಬ ತೋರಿಸಿದಳು. ಇಬ್ಬರೂ ಸಂತೋಷಪಟ್ಟೆವು. ಅವಳಿಗೆ ಅಷ್ಟೇ ಬೇಕಾಗಿತ್ತೋ ಏನೋ.

ಅವಳ ಮೇಲೆ ಸಿಟ್ಟು ಬರುತ್ತಿದೆ ಭಾವ. ಇಷ್ಟು ದಿನ ನಿಮ್ಮ ಮೇಲೆ ಇಟ್ಟುಕೊಂಡಿದ್ದು ಸುಲಭವಿತ್ತು. ನೀವು ಇದ್ದೀರಿ, ಕಾಗದ ಹಾಕಿದರೆ ತಲುಪುತ್ತದೆ.

ಅಲ್ಲಿ ಏನನ್ನೂ ಅಗೆಯಬೇಡಿ. ಕಿತ್ತು ಮರದ ಕೆಳಗೆ ನೆಡೋಣ ಎಂದು ನಿಮ್ಮ ಕೈ ತುರಿಸುತ್ತಿರುತ್ತದೆ, ನನಗೆ ಗೊತ್ತು. ಕೈಯನ್ನು ಜೇಬಿನಲ್ಲಿ ಇಟ್ಟುಕೊಳ್ಳಿ. ಇನ್ನೆರಡು ತಿಂಗಳಿಗೆ ಅಲ್ಲೂ ಬೀಜ ಬಲಿಯುತ್ತದೆ. ಎಲ್ಲಿಗೆ ಒಯ್ಯಬೇಕು ಎಂದು ಇರುವೆಗಳೇ ನೋಡಿಕೊಳ್ಳುತ್ತವೆ.

ರಜೆಗೆ ಬರೆದುಕೊಟ್ಟಿದ್ದೇನೆ, ಇದೇ ಹದಿನೈದಕ್ಕೆ ಬರುತ್ತೇನೆ. ಮುಂದಿನ ಬಾಗಿಲನ್ನು ಎಷ್ಟು ತಟ್ಟಿದರೂ ನಿಮಗೆ ಕೇಳುವುದಿಲ್ಲ, ತೆಗೆಯುವವಳೂ ಇಲ್ಲ. ಅದಕ್ಕೆ ಹಿತ್ತಲ ಕಡೆಯಿಂದ ಬರುತ್ತೇನೆ. ಸಂಜೆ ಹೊತ್ತಿಗೆ ಮೆಟ್ಟಿಲ ಮೇಲೆ ಕೂತಿರಿ. ಕೊನೆಯ ಮೆಟ್ಟಿಲಿನ ಕಡೆ ಕಾಲು ಚಾಚಬೇಡಿ.

ಒಂದು ಡಬ್ಬ ರಸ್ಕ್ ತರುತ್ತೇನೆ. ಚಹಾ ನೀವು ಮಾಡಿ. ಇರುವೆಗಳಿಗೆ ಕೊಡುವಷ್ಟು ಕೊಟ್ಟು, ಉಳಿದದ್ದನ್ನು ನಾವಿಬ್ಬರೂ ಎದುರುಬದುರು ಕೂತು ತಿನ್ನೋಣ. ಈ ಸಲ ತಟ್ಟೆ ಖಾಲಿಯಾಗುವವರೆಗೂ ಯಾರೂ ಒಳಗೆ ಹೋಗುವುದು ಬೇಡ.

ನಿಮ್ಮ ಮೆಣಸಿನಕಾಯಿ